ಊ ಅಕ್ಷರದ ಕೆಳಗೆ ಊಟ

ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಕಪ್ಪು ದಾರದ ಉಂಡೆ ಹುಡುಕುತ್ತಿದ್ದೆ. ದಾರ ಸಿಗಲಿಲ್ಲ. ನಮ್ಮ ಮನೆಯಲ್ಲಿ ಹುಡುಕಿದ್ದು ಸಿಗುವ ಪದ್ಧತಿಯೇ ಇಲ್ಲ. ಬದಲಿಗೆ ಗ್ರಂಥಾಲಯದ ಒಂದು ಹಳೆಯ ಕಾರ್ಡು ಕೈಗೆ ಬಂತು. ಕೆಳಗೆ ಕಂಬಿ ಪೋಣಿಸಲು ತೂತು ಇರುತ್ತದಲ್ಲ, ಅಂಥದ್ದು. ಪುಸ್ತಕದ ಹೆಸರು ಇರಬೇಕಾದ ಕಡೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ಊಟ (ಪುಕ್ಕಟೆ): ಗುರುದ್ವಾರ. ಭಾನುವಾರ, ಮಧ್ಯಾಹ್ನ ಹನ್ನೆರಡೂವರೆಯಿಂದ. ತಲೆ ಮುಚ್ಚಿರಬೇಕು. ರೊಟ್ಟಿಗೆ ಎರಡೂ ಕೈ ಒಡ್ಡಬೇಕು. ಖೀರು ಎರಡನೇ ಸಲ ಕೇಳಬಹುದು. ಪ್ರಶ್ನೆ: ಸೊನ್ನೆ.’

ಮಗಳು ಕಾರ್ಡನ್ನು ಕಸಿದುಕೊಂಡು ಓದಿದಳು. ಹೈದರಾಬಾದಿನಲ್ಲೇ ಹುಟ್ಟಿ ತೆಲುಗು ಕಲಿತವಳು. ಕನ್ನಡ ಅಕ್ಷರಗಳನ್ನು ದೂರದ ನೆಂಟರನ್ನು ಗುರುತಿಸುವಂತೆ ಒಂದೊಂದಾಗಿ ಗುರುತಿಸುತ್ತಾಳೆ.

“ಅಮ್ಮಾ, ಪುಕ್ಕಟೆ ಊಟ ಎಲ್ಲೆಲ್ಲಿ ಸಿಗತೈತಿ ಅಂತ ಲಿಸ್ಟ್ ಮಾಡಿ ಇಟ್ಟಿದ್ದೇನು?”

“ಬರೀ ಲಿಸ್ಟ್ ಅಲ್ಲ. ಎಲ್ಲಾ ಕಡೆ ಉಂಡು ನೋಡಿ ಬರದೀನಿ” ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಗಾತ್ರಕ್ಕೆ ಈಗ ಒಂದು ಕಾರಣ ಸಿಕ್ಕಿತು ಎಂಬಂತಿತ್ತು ಆ ನೋಟ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಆಗ ನಾನು ಹಿಮಾಯತ್‌ನಗರದಲ್ಲಿ ಕನ್ನಡಿಗರ ಒಂದು ಸಣ್ಣ ವಾಚನಾಲಯ ನೋಡಿಕೊಳ್ಳುತ್ತಿದ್ದೆ. ಸೀರೆಗೆ ಫಾಲ್ ಹಚ್ಚುವ ಅಂಗಡಿಯ ಮೇಲಿನ ಮಹಡಿ. ಎರಡು ಉದ್ದನೆಯ ಮೇಜು, ನಾಲ್ಕು ಬೀರು ಪುಸ್ತಕ, ಒಂದು ಕಾರ್ಡು ಪೆಟ್ಟಿಗೆ, ಕಿಟಕಿಯ ಪಕ್ಕ ಮಣ್ಣಿನ ನೀರಿನ ಗಡಿಗೆ. ಊರಿಗೆಲ್ಲ ಕಂಪ್ಯೂಟರಿನ ಹುಚ್ಚು ಹಿಡಿದ ಕಾಲ ಅದು. ಗೋಡೆ, ಕಂಬ, ಬಸ್ಸಿನ ಬೆನ್ನು, ಎಲ್ಲಿ ನೋಡಿದರೂ ಮೂರು ತಿಂಗಳ ಕೋರ್ಸಿನ ಜಾಹೀರಾತು. ನಮ್ಮ ಹಾಲಿನವನ ಅಳಿಯ ಕೂಡ ಸೇರಿಕೊಂಡಿದ್ದ. ವಾಚನಾಲಯಕ್ಕೂ ಒಂದು ಕಂಪ್ಯೂಟರ್ ಬರುತ್ತದೆಂದು ನಮ್ಮ ಕಾರ್ಯದರ್ಶಿಗಳು ಒಂದು ಮೂಲೆ ಖಾಲಿ ಮಾಡಿಸಿದ್ದರು. ಕಂಪ್ಯೂಟರ್ ಬರಲಿಲ್ಲ, ಆ ಮೂಲೆಯಲ್ಲಿ ಓದುಗರು ಕೊಡೆ ನಿಲ್ಲಿಸಲು ಶುರು ಮಾಡಿದರು.

ನಾನು ಗ್ರಂಥಾಲಯ ವಿಜ್ಞಾನದ ಕೋರ್ಸು ಮುಗಿಸಿದವಳು. ಓದುಗ ಏನು ಕೇಳಿದರೂ ಹುಡುಕಿ ಕೊಡಬೇಕು, ತಾನು ಪರೀಕ್ಷಿಸದ ಮಾಹಿತಿ ಕೊಡಬಾರದು ಎಂದು ಕಲಿತಿದ್ದೆ. ಆದರೆ ನಮ್ಮ ಓದುಗರು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಇವತ್ತಿನ ಪೇಪರ್ ಯಾರ ಹತ್ತಿರ ಇದೆ, ಫ್ಯಾನು ಯಾಕೆ ತಿರುಗುತ್ತಿಲ್ಲ. ಎರಡಕ್ಕೂ ಉತ್ತರ ಕಣ್ಣೆದುರೇ ಇರುತ್ತಿತ್ತು. ಹೀಗಾಗಿ ನನ್ನ ವಿದ್ಯೆಯನ್ನೆಲ್ಲ ಓದುಗರ ಮುಖ ನೋಡುವುದಕ್ಕೆ ಖರ್ಚು ಮಾಡುತ್ತಿದ್ದೆ.

ಹಾಗೆ ನೋಡುತ್ತಿದ್ದಾಗ ಕಣ್ಣಿಗೆ ಬಿದ್ದವಳು ಸುವರ್ಣಾ. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಬಂದು, ರಸಾಯನಶಾಸ್ತ್ರದ ದಪ್ಪ ಪುಸ್ತಕ ಬಿಚ್ಚಿ ಮೂಲೆಯಲ್ಲಿ ಕೂರುತ್ತಿದ್ದಳು. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿಯುತ್ತಿದ್ದಳು. ಒಂದು ಲೋಟ ಅಲ್ಲ. ಎರಡು, ಕೆಲವೊಮ್ಮೆ ಮೂರು. ನನ್ನ ಅತ್ತೆಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಆ ವಿಷಯದಲ್ಲಿ ನಾನು ಅರ್ಧ ಡಾಕ್ಟರು. ಒಂದು ದಿನ ಕರೆದು ಕೇಳಿಯೇಬಿಟ್ಟೆ.

“ನಿಮ್ಮ ಮನ್ಯಾಗ ಯಾರಿಗರೆ ಸಕ್ರಿ ಐತೇನವಾ?”

“ಇಲ್ರಿ ಅಕ್ಕಾರ.”

“ಆದ್ರೂ ಒಮ್ಮೆ ರಕ್ತ ತೋರಿಸು. ಇಷ್ಟು ನೀರಡಿಕಿ ಛಲೋ ಅಲ್ಲ. ಈಗಿಂದನ ಅನ್ನ ಕಡಿಮಿ ಮಾಡು.”

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. “ಹೂಂ ರಿ. ಕಡಿಮಿನ ಮಾಡೀನ್ರಿ” ಎಂದಳು. ಮಾತು ಕೇಳುವ ಹುಡುಗಿ ಎಂದು ನನಗೆ ಬಹಳ ಖುಷಿಯಾಯಿತು.

ಮುಂದಿನ ವಾರ ಅವಳು ನೀರು ಕುಡಿಯಲು ಎದ್ದವಳು ಗಡಿಗೆಯ ತನಕ ಹೋಗಲಿಲ್ಲ. ಬೀರುವಿಗೆ ಆತು, ಹಾಗೆಯೇ ಜಾರಿ ನೆಲಕ್ಕೆ ಕೂತುಬಿಟ್ಟಳು. ನಾವೆಲ್ಲ ಸೇರಿ ಗಾಳಿ ಹಾಕಿದೆವು. ಕೆಳಗಿನ ಇರಾನಿ ಹೋಟೆಲಿನಿಂದ ಚಹಾ, ಬಿಸ್ಕತ್ತು ತರಿಸಿದೆ. ಅವಳು ಬಿಸ್ಕತ್ತನ್ನು ಮೊದಲು ನಿಧಾನವಾಗಿ ತಿಂದಳು, ಆಮೇಲೆ ನಿಧಾನವನ್ನು ಮರೆತಳು. ಆಗ ನನಗೆ ಅರ್ಥವಾಯಿತು. ಹಸಿದ ಹುಡುಗಿಗೆ ನಾನು ಅನ್ನ ಕಡಿಮೆ ಮಾಡು ಎಂದು ಹೇಳಿದ್ದೆ. ಈ ಮಾತನ್ನು ಇವತ್ತಿಗೂ ಬಹಳ ಜನರ ಮುಂದೆ ಹೇಳಿಲ್ಲ.

ಉಳಿದವರು ಪೇಪರಿಗೆ ಮರಳಿದ ಮೇಲೆ ಅವಳು ಮೆಲ್ಲಗೆ ಹೇಳಿದಳು. ಯಾದಗಿರಿ ಕಡೆಯವಳು. ಅಪ್ಪ, ಅವ್ವ ಉಪ್ಪಲ್ ಹತ್ತಿರ ಏಳುತ್ತಿದ್ದ ಒಂದು ಗಾಜಿನ ಕಟ್ಟಡದಲ್ಲಿ ಕೂಲಿ ಕೆಲಸ ಮಾಡುತ್ತಿದ್ದರು. ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಇವಳಿಗೆ ತಾರ್ನಾಕದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ಗೆಳತಿಯೊಬ್ಬಳ ಕೋಣೆಯಲ್ಲಿ ಚಾಪೆ ಹಾಸಿಕೊಂಡಿದ್ದಳು. ಮೆಸ್ಸಿನಲ್ಲಿ ಹೆಸರಿಲ್ಲ. ಸಂಜೆ ಗೆಳತಿ ತನ್ನ ತಟ್ಟೆಯಿಂದ ತಂದು ಕೊಟ್ಟದ್ದೇ ದಿನದ ಊಟ.

“ಮಧ್ಯಾಹ್ನ ಹಾಸ್ಟೆಲ್‌ನಾಗ ಒಗ್ಗರಣಿ ವಾಸನಿ ಬರತೈತ್ರಿ. ಕುಂದ್ರಾಕ ಆಗಂಗಿಲ್ಲ. ಬಸ್ ಪಾಸ್ ಐತಲ್ಲ, ಅದಕ್ಕ ಇಲ್ಲಿ ಬರ್ತೀನ್ರಿ.”

“ಮನ್ಯಾಗ ಹೇಳಿಲ್ಲೇನು?”

“ಯುನಿವರ್ಸಿಟಿಯವ್ರ ಎಲ್ಲಾ ಕೊಡ್ತಾರ ಅಂತ ಹೇಳೀನ್ರಿ. ಖರೆ ಹೇಳಿದ್ರ ಅವ್ವ ತನ್ನ ರೊಟ್ಟಿ ಕಟ್ಟಿ ಕಳಸ್ತಾಳ. ಮ್ಯಾಲೆ ಹತ್ತಿ ಕೆಲಸ ಮಾಡಾಕಿ ಆಕಿ. ಆಕಿಗಿ ಚಕ್ಕರ್ ಬಂದ್ರ ಹೆಂಗ್ರಿ?”

ಮರುದಿನ ನಾನು ನಾಲ್ಕು ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಕಟ್ಟಿಕೊಂಡು ಹೋದೆ. ಒಳ್ಳೆಯ ಕೆಲಸ ಮಾಡುವಾಗ ನನಗೆ ದನಿ ಸ್ವಲ್ಪ ದೊಡ್ಡದಾಗುತ್ತದೆ. ಡಬ್ಬಿಯನ್ನು ಅವಳ ಪುಸ್ತಕದ ಮೇಲೆಯೇ ಇಟ್ಟು, “ಪೂರ್ತಿ ತಿನ್ನಬೇಕು, ನಾಚಿಕಿ ಮಾಡಬ್ಯಾಡ” ಎಂದೆ. ಮೇಜಿನ ಸುತ್ತ ಇದ್ದ ಆರು ಜನ ತಲೆ ಎತ್ತಿ ನೋಡಿದರು. ಅವಳು ಒಂದು ರೊಟ್ಟಿ ತಿಂದು, ಡಬ್ಬಿ ತೊಳೆದು ಕೊಟ್ಟು ಹೋದಳು. ಆಮೇಲೆ ಎಂಟು ದಿನ ಬರಲಿಲ್ಲ.

ಎಣಗಾಯಿಯಲ್ಲಿ ಉಪ್ಪು ಹೆಚ್ಚಾಗಿತ್ತೇನೋ ಎಂದು ನಾನು ಯೋಚಿಸುತ್ತಿದ್ದೆ. ಒಂಬತ್ತನೇ ದಿನ ಬಂದಳು. ಮೊದಲೇ ಯೋಚಿಸಿ ಇಟ್ಟುಕೊಂಡಿದ್ದಂತೆ ಒಂದೇ ಉಸಿರಿಗೆ ಹೇಳಿದಳು: “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಾ ಇಲ್ಲಿ ಓದಾಕ ಬರಾಕಿ. ಎಲ್ಲಾರ ಮುಂದ ಡಬ್ಬಿ ಬಿಚ್ಚಾಕ ನನಗ ಆಗಂಗಿಲ್ರಿ. ಈ ಊರಾಗ ಯಾರೂ ಏನೂ ಕೇಳದ ಎಲ್ಲಿ ಊಟ ಹಾಕ್ತಾರ, ಗೊತ್ತಿದ್ರ ಅಷ್ಟ ಹೇಳ್ರಿ.”

ಮೊದಲು ನನಗೆ ಸಿಟ್ಟೇ ಬಂತು. ನಸುಕಿನಲ್ಲಿ ಎದ್ದು ಬಡಿದ ರೊಟ್ಟಿ ನನ್ನದು. ಅದು ಬೇಡ, ಊರವರದು ಬೇಕೇ? ಸಿಟ್ಟು ಇಳಿದ ಮೇಲೆ ಹೊಳೆಯಿತು: ಇಷ್ಟು ವರ್ಷಗಳಲ್ಲಿ ಓದುಗರೊಬ್ಬರು ನನ್ನನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಇದು. ಮತ್ತು ಉತ್ತರ ನನಗೆ ಗೊತ್ತಿರಲಿಲ್ಲ.

“ಹದಿನೈದು ದಿನ ಟೈಮ್ ಕೊಡು” ಎಂದೆ.

ಪರೀಕ್ಷಿಸದ ಮಾಹಿತಿ ಕೊಡಬಾರದಲ್ಲ, ಹಾಗಾಗಿ ನಾನೇ ಉಣ್ಣಲು ಹೊರಟೆ. ವಾಚನಾಲಯವನ್ನು ಮಧ್ಯಾಹ್ನ ಒಬ್ಬ ನಿವೃತ್ತ ಮೇಷ್ಟರ ಕೈಗೆ ಕೊಟ್ಟು, ಸಿಟಿ ಬಸ್ಸು ಹತ್ತುತ್ತಿದ್ದೆ. ಗುರುದ್ವಾರದಲ್ಲಿ ನೆಲದ ಮೇಲೆ ಸಾಲಾಗಿ ಕೂತೆವು. ನನ್ನ ಒಂದು ಪಕ್ಕ ಆಟೋ ಓಡಿಸುವವನು, ಇನ್ನೊಂದು ಪಕ್ಕ ಬಂಗಾರದ ಗಡಿಯಾರದವರು. ರೊಟ್ಟಿಗೆ ಒಂದು ಕೈ ಒಡ್ಡಿದ ನನಗೆ ಬಡಿಸುವವರು ನಕ್ಕು, “ದೋನೋ ಹಾಥ್, ಬೇಟಾ” ಎಂದು ಎರಡೂ ಕೈ ಒಡ್ಡಿಸಿದರು. ದರ್ಗಾದ ಅಂಗಳವೊಂದರಲ್ಲಿ ಗುರುವಾರ ಊಟ ಎಂದು ಕೇಳಿ ಹೋದೆ. ಬಾಗಿಲಲ್ಲೇ ಅನುಮಾನಿಸುತ್ತ ನಿಂತಿದ್ದಾಗ ಒಬ್ಬ ಮುದುಕರು, “ಧೂಪ್ ಮೇ ಕಾಯ್ಕು ಖಡೇ, ಅಮ್ಮಾ? ಅಂದರ್ ಆಕೋ ಬೈಠೋ” ಎಂದು ಒಳಗೆ ಕರೆದು ಕೂರಿಸಿದರು. ಖುಷ್ಕಾ ಅನ್ನ ಉಂಡು ಬಂದು ಕಾರ್ಡಿನ ಮೇಲೆ ಬರೆದೆ: ‘ದಾಲ್ಚಾದಲ್ಲಿ (ಬೇಳೆ ಸಾರು) ಮಾಂಸ ಇರುತ್ತದೆ, ಬೇಡದವರು ಮೊದಲೇ ಹೇಳಬೇಕು. ಪ್ರಶ್ನೆ: ಒಂದು (ಬಿಸಿಲಲ್ಲಿ ಯಾಕೆ ನಿಂತಿದ್ದೀರಿ).’

ಹೌದು, ಎಲ್ಲ ಕಾರ್ಡಿನಲ್ಲೂ ಎಷ್ಟು ಪ್ರಶ್ನೆ ಕೇಳುತ್ತಾರೆ ಎಂದು ಬರೆಯುತ್ತಿದ್ದೆ. ಸುವರ್ಣಾ ಕೇಳಿದ್ದು ಅದನ್ನೇ ತಾನೆ. ಧರ್ಮಾರ್ಥ ನಡೆಯುತ್ತಿದ್ದ ಒಂದು ಛತ್ರದಲ್ಲಿ ಕನ್ನಡಕದ ಮಹನೀಯರೊಬ್ಬರು ಹೆಸರು, ಊರು, ಗಂಡನ ಕೆಲಸ, ರೇಷನ್ ಕಾರ್ಡು, ಮಕ್ಕಳೆಷ್ಟು, ಉಪವಾಸ ಮಾಡುತ್ತೀರೋ, ಕೈಕಾಲು ಗಟ್ಟಿಯಿದ್ದೂ ಯಾಕೆ ಬಂದಿರಿ ಎಂದು ಕೇಳಿದರು. ಆಮೇಲೆ ದುಡಿಮೆಯ ಮಹತ್ವದ ಮೇಲೆ ಭಾಷಣ. ಕಾರ್ಡಿನಲ್ಲಿ ಬರೆದೆ: ‘ಪ್ರಶ್ನೆ: ಏಳು. ಭಾಷಣ: ಒಂದು. ಅಷ್ಟರಲ್ಲಿ ಉಪ್ಪಿಟ್ಟು ಆರಿರುತ್ತದೆ.’

ಹೀಗೆ ಒಂದು ವಾರದಲ್ಲಿ ಕುಪ್ಪಸ ಬಿಗಿಯಾಗತೊಡಗಿತು. ತಾರ್ನಾಕದ ಒಂದು ದೇವಸ್ಥಾನದಲ್ಲಿ ಶನಿವಾರ ಅನ್ನದಾನ. ಎಲೆ ಹಿಡಿದು ಸಾಲಿನಲ್ಲಿ ನಿಂತಿದ್ದೆ, ಪಕ್ಕದ ಅಜ್ಜಿ, “ನುವ್ವು ರೋಜೂ ವಸ್ತಾವಾ?” ಎಂದು ಕೇಳಿದಳು, ದಿನಾ ಬರುತ್ತೀಯಾ ಅಂತ. ಇಲ್ಲ, ದಿನಕ್ಕೊಂದು ಕಡೆ ಹೋಗುತ್ತೇನೆ ಎನ್ನುತ್ತಿರುವಾಗಲೇ ರಸ್ತೆಯಲ್ಲಿ ಒಂದು ಸ್ಕೂಟರ್ ನಿಧಾನವಾಯಿತು. ಅದರ ಮೇಲಿದ್ದವರು ನಮ್ಮ ಮನೆಯವರ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಉಪ್ಪಲ್‌ನಲ್ಲಿ ನಮ್ಮದೇ ಕಾಲೊನಿ. ನಾನು ಎಲೆಯನ್ನೇ ಬೀಸಿ ನಮಸ್ಕಾರ ಎಂದೆ. ಅವರು ಕಾಣದವರ ಹಾಗೆ ಸ್ಕೂಟರ್ ಓಡಿಸಿಕೊಂಡು ಹೋದರು.

ಸಂಜೆಯ ಹೊತ್ತಿಗೆ ಕಾಲೊನಿಯಲ್ಲಿ ಕತೆ ಸಿದ್ಧವಾಗಿತ್ತು. ಆ ದಿನಗಳಲ್ಲಿ ಸಾಫ್ಟ್‌ವೇರ್ ಷೇರು ಕೊಂಡು ಕೈ ಸುಟ್ಟುಕೊಂಡವರು ಬಹಳ. ನಮ್ಮ ಮನೆಯವರೂ ಹಾಗೆ ಎಲ್ಲ ಕಳೆದುಕೊಂಡಿದ್ದಾರೆ, ಪಾಪ ಹೆಂಡತಿ ಗುಡಿಯ ಸಾಲಿನಲ್ಲಿ ನಿಲ್ಲುತ್ತಿದ್ದಾಳೆ ಎಂದಾಯಿತು. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಈ ಮನುಷ್ಯ ಪೋಸ್ಟಾಫೀಸು ಬಿಟ್ಟು ಬೇರೆ ಯಾವುದನ್ನೂ ನಂಬಿದವರಲ್ಲ. ಸೋಮವಾರ ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಕೂತರು.

“ಕ್ಯಾಂಟೀನಿನಾಗ ಇವತ್ತ ಮೂರು ಮಂದಿ ತಮ್ಮ ಜಾಮೂನು ನನ್ನ ತಾಟಿಗೆ ಹಾಕಿದ್ರು. ಮಾರ್ಕೆಟ್ ಮತ್ತ ಏಳತೈತಿ, ಧೈರ್ಯ ಬಿಡಬ್ಯಾಡ್ರಿ ಅಂದ್ರು. ನಾ ಯಾವ ಮಾರ್ಕೆಟ್ಟಿಗೆ ಹೋಗಿದ್ದೆ? ಐತವಾರ ಕಾಯಿಪಲ್ಲೆ ತರಾಕ ಹೋಗಿದ್ದೆ, ಅಷ್ಟ.”

“ಜಾಮೂನು ತಿಂದ್ರೇನು?”

“ತಿಂದೆ. ಬ್ಯಾಡ ಅಂದ್ರ ಬೇಜಾರಾಗ್ತಾರ.”

ಇಬ್ಬರೂ ನಕ್ಕೆವು. ಆ ನಗೆ ಮರುದಿನದ ತನಕ ಮಾತ್ರ ಇತ್ತು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ವಿಮಲಾ ವೈನಿ. ಬೆಳಗಾವಿಯವರು, ನನಗೆ ಅಕ್ಕನಂತಿದ್ದವರು. ಕೈಯಲ್ಲಿ ಮೂರು ಅಂತಸ್ತಿನ ಊಟದ ಡಬ್ಬಿ. ಯಾವತ್ತೂ ನೇರ ಅಡಿಗೆಮನೆಗೇ ಬರುತ್ತಿದ್ದವರು ಅವತ್ತು ಹೊಸ್ತಿಲಾಚೆಯೇ ನಿಂತರು.

“ಭಾಳ ಆಗಿತ್ತು, ಅದಕ್ಕ ತಂದೆ” ಎಂದರು. ನನ್ನ ಮುಖ ನೋಡಲಿಲ್ಲ. ಡಬ್ಬಿಯ ಹಿಡಿಕೆಯನ್ನು ನೋಡುತ್ತಿದ್ದರು. “ಡಬ್ಬಿ ವಾಪಸ್ ಕೊಡೋ ಗಡಿಬಿಡಿ ಇಲ್ಲ. ಏನರೆ ಬೇಕಿದ್ರ ಹೇಳು, ನಾಚಿಕಿ ಮಾಡಬ್ಯಾಡ.”

ಅವರು ಹೋದ ಮೇಲೆ ನಾನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ. ಒಳಗೆ ಬಿಸಿ ಪುಂಡಿಪಲ್ಯ, ರೊಟ್ಟಿ, ಶೇಂಗಾ ಹಿಂಡಿ, ಪ್ರೀತಿಯಿಂದ ಮಾಡಿದ್ದು. ನನಗೆ ಯಾವ ಕೊರತೆಯೂ ಇರಲಿಲ್ಲ, ಅವರಿಗೆ ತಪ್ಪು ತಿಳಿದಿದೆ ಎಂಬುದೂ ಗೊತ್ತಿತ್ತು. ಆದರೂ ಮುಖ ಬಿಸಿಯಾಯಿತು. ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ. ನಾನು ಸುವರ್ಣಾಳ ಪುಸ್ತಕದ ಮೇಲೆ ಡಬ್ಬಿ ಇಟ್ಟಾಗ ಆಡಿದ್ದೂ ಇದೇ ಮಾತು, ನಾಚಿಕೆ ಮಾಡಬೇಡ ಅಂತ. ವೈನಿ ಕನಿಷ್ಠ ಮೆಲ್ಲಗೆ ಹೇಳಿದ್ದರು. ನಾನು ಆರು ಜನರಿಗೆ ಕೇಳುವ ಹಾಗೆ ಹೇಳಿದ್ದೆ.

ಅವತ್ತೇ ವಾಚನಾಲಯಕ್ಕೆ ಹೋಗಿ, ಬರೆದ ಒಂಬತ್ತು ಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ‘ಊ’ ಅಕ್ಷರದ ಕೆಳಗೆ ಸೇರಿಸಿದೆ. ಯಾರಿಗೂ ಸಾರಲಿಲ್ಲ. ಸುವರ್ಣಾ ಬಂದಾಗ, ಪುಸ್ತಕದ ನಂಬರು ಹೇಳುವ ದನಿಯಲ್ಲಿ, “ನೀ ಕೇಳಿದ್ದು ಊ ಖಾನೆಯಾಗೈತಿ” ಎಂದಷ್ಟೇ ಹೇಳಿ ರಿಜಿಸ್ಟರಿಗೆ ತಲೆ ಹಾಕಿದೆ. ಅವಳು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಳು. ಏಳು ಪ್ರಶ್ನೆಯ ಛತ್ರದ ಕಾರ್ಡು ಓದಿರಬೇಕು, ಒಮ್ಮೆ ನಕ್ಕ ಸದ್ದು ಕೇಳಿಸಿತು. ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವಳೊಬ್ಬಳೇ ಅಲ್ಲ ಎಂದು ಗೊತ್ತಾದದ್ದು ಆಮೇಲೆ. ಒಂದು ತಿಂಗಳಲ್ಲಿ ಆ ಕಾರ್ಡುಗಳ ಅಂಚು ಕಪ್ಪಾಯಿತು. ಪೆನ್ಸಿಲಿನಲ್ಲಿ ಯಾರ್‍ಯಾರೋ ಸೇರಿಸಿದ ಟಿಪ್ಪಣಿಗಳು ಕಾಣಿಸಿಕೊಂಡವು: ‘ಈಗ ಒಂದು ಗಂಟೆಗೆ ಶುರು.’ ‘ಚಪ್ಪಲಿ ಒಳಗೆ ಒಯ್ಯಿರಿ.’ ತೆಲುಗಿನಲ್ಲಿ ಒಂದು: ‘ಸಾಂಬಾರು ಚೆನ್ನಾಗಿದೆ.’ ದಿನಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೈ ಕಟ್ಟಿ, ಕಂಪ್ಯೂಟರ್ ಕೋರ್ಸಿಗೆ ಹೋಗುತ್ತಿದ್ದ ಹುಡುಗರು ಕತೆ ಕಾದಂಬರಿಯ ಖಾನೆ ತೆರೆದು, ಹಾಗೇ ಸುಮ್ಮನೆ ಎಂಬಂತೆ ‘ಊ’ಗೆ ಬರುತ್ತಿದ್ದರು. ಮುಖ ನೋಡುವುದರಲ್ಲಿ ಪಳಗಿದವಳು ಎಂದುಕೊಂಡಿದ್ದ ನನಗೆ ಇವರಲ್ಲಿ ಒಬ್ಬರ ಹಸಿವೂ ಕಂಡಿರಲಿಲ್ಲ. ಕಾರ್ಯದರ್ಶಿಗಳು ಒಮ್ಮೆ ಪೆಟ್ಟಿಗೆ ಎಳೆದು ನೋಡಿ, “ಏನಮ್ಮಾ, ಇದು ವಾಚನಾಲಯವೋ ಖಾನಾವಳಿಯೋ?” ಎಂದು ಕೇಳಿದರು. ಓದುಗರು ಕೇಳಿದ್ದು ಸರ್ ಎಂದೆ. ಅವರು ಕಾರ್ಡನ್ನು ಕೊನೆಯ ತನಕ ಓದಿ ಅಲ್ಲೇ ಇಟ್ಟು ಹೋದರು.

ವಿಮಲಾ ವೈನಿಗೆ ಡಬ್ಬಿ ವಾಪಸ್ಸು ಕೊಡಲು ಹೋದಾಗ ನಿಜ ಹೇಳಿದೆ. ಅವರು ನಕ್ಕು ನಕ್ಕು ಮಂಚದ ಮೇಲೆ ಕೂತರು. ಆಮೇಲೆ ಕಣ್ಣೊರೆಸಿಕೊಂಡು, “ಆ ಹುಡುಗಿ ಕೆಮಿಸ್ಟ್ರಿ ಅಂದಿ ಅಲ್ಲ? ನಮ್ಮ ಮಗಳು ಇಂಟರ್‌ನಾಗ ಅದರಾಗೇ ಒದ್ದಾಡಾಕತ್ತಾಳ” ಎಂದರು.

ಈ ಸಲ ನಾನು ದನಿ ಏರಿಸಲಿಲ್ಲ. ಸುವರ್ಣಾಳನ್ನು ಮೆಟ್ಟಿಲ ಬಳಿ ಕರೆದು ಕೇಳಿದೆ: ವಾರಕ್ಕೆ ನಾಲ್ಕು ಸಂಜೆ ಪಾಠ, ಊಟ ಅಲ್ಲೇ. ಅವಳು ಒಂದು ಶರತ್ತು ಹಾಕಿದಳು.

“ಪಾಠಕ್ಕ ಪಗಾರ ಬ್ಯಾರೆ ಕೊಡ್ಲಿ ರಿ. ಊಟ ಅದರಾಗ ಹಿಡಿಬಾರದು. ಊಟದ ಹೊತ್ತಿನಾಗ ಮನ್ಯಾಗ ಇದ್ರ ಊಟಕ್ಕ ಕರೀಲಿ, ಎಲ್ಲಾರನೂ ಕರದಂಗ.”

ನಾನು ಹೋಗಿ ಹಾಗೇ ಹೇಳಿದೆ. ವೈನಿ, “ಛಲೋ ಹುಡುಗಿ ಐತಿ, ನನಗಿಂತ ಶಾಣ್ಯಾಕಿ” ಎಂದು ಒಪ್ಪಿದರು. ಆ ಹುಡುಗಿ ಮುಂದೆ ಎಂ.ಎಸ್ಸಿ. ಮುಗಿಸಿ, ಔಷಧ ತಯಾರಿಸುವ ಕಡೆ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ, ಈಗ ತನ್ನ ಕೈಕೆಳಗಿನ ಹತ್ತು ಜನರನ್ನು ಗದರಿಸಿಕೊಂಡಿದ್ದಾಳೆ. ವೈನಿಯ ಮಗಳು ಮಾತ್ರ ಕೆಮಿಸ್ಟ್ರಿ ಬಿಟ್ಟು ಕಾಮರ್ಸ್ ಓದಿದಳು.

ಆದರೆ ನಾನು ಮಗಳಿಗೆ ಕೊನೆಗೆ ಹೇಳಿದ್ದು ಇದ್ಯಾವುದೂ ಅಲ್ಲ, ಒಂದು ಭಾನುವಾರದ ಸಂಗತಿ. ಪಾಠ ಶುರುವಾಗಿ ಐದಾರು ತಿಂಗಳಾಗಿತ್ತು. ಸುವರ್ಣಾ, “ಅವ್ವ ನಿಮ್ಮನ್ನ ಕರಕೊಂಡ ಬಾ ಅಂದಾಳ್ರಿ” ಎಂದು ಬಂದು ನಿಂತಳು. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿಕೊಂಡಳು: ಅವ್ವನ ಮುಂದೆ ಏನೂ ಹೇಳಬೇಡಿ.

ಕಟ್ಟಡಕ್ಕೆ ಆಗ ಅರ್ಧ ಗಾಜು ಕೂತಿತ್ತು. ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲು. ಸುವರ್ಣಾಳ ಅವ್ವ ಭೀಮವ್ವ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನೋಡಿದೊಡನೆ ಎದ್ದು, ಕೈಗೆ ನೀರು ಕೊಟ್ಟು, ನನ್ನನ್ನೂ ತಮ್ಮ ಮಗಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರು. ಊಟ ಆಗಿದೆಯೇ ಎಂದು ಕೇಳಲಿಲ್ಲ. ತಾಟಿಗೆ ರೊಟ್ಟಿ, ಹೆಸರುಕಾಳಿನ ಪಲ್ಯ, ಪಕ್ಕದಲ್ಲಿ ಉಳ್ಳಾಗಡ್ಡಿ ಒಡೆದು ಹಾಕಿದರು. ನಾವು ತಿನ್ನುವುದನ್ನು ನೋಡುತ್ತ ಕೂತವರು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

“ಯುನಿವರ್ಸಿಟಿಯಾಗ ಊಟ ಹೆಂಗಿರತೈತ್ರಿ ಅಕ್ಕಾರ?”

ಸುವರ್ಣಾಳ ಕೈ ರೊಟ್ಟಿಯ ಮೇಲೆ ನಿಂತಿತು. ಜೀವನದಲ್ಲಿ ಮೊದಲ ಸಲ ನಾನು ಪರೀಕ್ಷಿಸದ ಮಾಹಿತಿ ಕೊಟ್ಟೆ.

“ಛಲೋ ಇರತೈತ್ರಿ. ಹೊಟ್ಟಿ ತುಂಬ ಹಾಕ್ತಾರ.”

ಭೀಮವ್ವ ಒಲೆಯ ಕಡೆ ತಿರುಗಿ ಒಂದು ಕೊಳ್ಳಿ ಒಳಗೆ ಸರಿಸಿದರು.

“ನೀವೂ ಸುಳ್ಳ ಹೇಳ್ತೀರಿ” ಎಂದರು, ಸಿಟ್ಟಿಲ್ಲದೆ. “ದಸರಿಗೆ ಇಲ್ಲಿ ಬಂದಾಗ ಆಕಿ ಕೈಯಾಗಿನ ಬಳಿಗೋಳು ಮೊಣಕೈ ತನಕ ಜಾರತಿದ್ವು. ಕೇಳಿದ್ರ ಹೇಳಂಗಿಲ್ಲ ಅಂತ ಕೇಳಲಿಲ್ಲ. ಕೇಳಿ ತಿಳಕೊಂಡ್ರೂ ಕೊಡಾಕ ನನ್ನ ಕಡಿ ಏನಿತ್ತು? ನಿನ್ನಿ ಅವನ್ನ ತಗದು ಹೊಸಾವು ಇಡಿಸೂನು ಅಂದ್ರ, ಸೋಪ್ ಹಚ್ಚಿದ್ರೂ ಕೈಯಾಗಿಂದ ಬರವಲ್ವು. ಅದಕ್ಕ, ಯಾರ ಮನ್ಯಾಗ ಉಣ್ಣಾಕತ್ತಾಳ, ಒಮ್ಮೆ ನೋಡೂನು ಅಂತ ಕರಸಿದೆ.”

ನನ್ನ ಮನೆಯಲ್ಲಿ ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಭೀಮವ್ವ ಕೇಳಿಸಿಕೊಳ್ಳಲಿಲ್ಲ. ಹಂಚಿನ ಮೇಲಿಂದ ಉಬ್ಬಿದ ರೊಟ್ಟಿ ತೆಗೆದು, ಅರ್ಧ ನನ್ನ ತಾಟಿಗೂ ಅರ್ಧ ಮಗಳ ತಾಟಿಗೂ ಹಾಕಿದರು. ಸುವರ್ಣಾ ತಲೆ ಎತ್ತಲಿಲ್ಲ. ಅವಳು ಉಣ್ಣುತ್ತಲೇ ಇದ್ದಳು, ಅವಸರವಿಲ್ಲದೆ.